ಗೂಗಲ್‌ನಲ್ಲಿ ನಮ್ಮ ಹೋಟೆಲಿಗೆ ಯಾರೋ ಒಂದೇ ನಕ್ಷತ್ರ ಕೊಟ್ಟಿದ್ದಾರೆ, ಅಳಿಸುವುದು ಹೇಗೆ?

ಅಳಿಸುವ ಅಧಿಕಾರ ಮಾಲೀಕರಿಗಿಲ್ಲ. ಕಹಿಯಾಗಿ ಬರೆದಿದ್ದಾರೆ ಎಂಬ ಕಾರಣಕ್ಕೆ ಗೂಗಲ್ ಯಾವ ವಿಮರ್ಶೆಯನ್ನೂ ತೆಗೆಯುವುದಿಲ್ಲ. ಅದು ನಕಲಿಯೋ, ಬೈಗುಳವೋ, ನಿಮ್ಮ ವ್ಯವಹಾರಕ್ಕೆ ಸಂಬಂಧವೇ ಇಲ್ಲದ್ದೋ ಆಗಿದ್ದರೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ‘ಹಣ ಕೊಡಿ, ತೆಗೆಸಿಕೊಡುತ್ತೇವೆ’ ಎಂದು ಫೋನ್ ಮಾಡುವವರನ್ನು ದೂರವಿಡಿ.

ನಿಮ್ಮ ಕೈಯಲ್ಲಿರುವುದು ಉತ್ತರ. ನಮ್ಮ ಮೆಸ್ಸಿನ ಬಗ್ಗೆ ಒಬ್ಬರು ‘ಸಾಂಬಾರು ಹಳಸಿತ್ತು’ ಎಂದು ಬರೆದಾಗ ನಾನು ರಾತ್ರಿ ಹನ್ನೊಂದಕ್ಕೆ ಕುಳಿತು ‘ನಿಮ್ಮ ನಾಲಿಗೆಯೇ ಕೆಟ್ಟಿರಬೇಕು’ ಎಂದು ಜವಾಬು ಕೊಟ್ಟಿದ್ದೆ. ಬೆಳಿಗ್ಗೆ ಅಡುಗೆಯವರನ್ನು ಕೇಳಿದರೆ, ಮಧ್ಯಾಹ್ನದ ಸಾಂಬಾರನ್ನೇ ರಾತ್ರಿಗೂ ಬಡಿಸಿದ್ದರು! ಜವಾಬನ್ನು ಅಳಿಸಿ, ‘ತಪ್ಪು ನಮ್ಮದೇ, ಕ್ಷಮಿಸಿ. ಇನ್ನು ರಾತ್ರಿಗೆ ಬೇರೆಯೇ ಮಾಡುತ್ತೇವೆ’ ಎಂದು ಬರೆದೆ. ದೂರಿದವರು ಮತ್ತೆ ಬರಲಿಲ್ಲ, ನಿಜ. ಆದರೆ ಆ ಉತ್ತರವನ್ನು ಓದುವುದು ಮುಂದಿನ ಗಿರಾಕಿ.

‘ಐದು ನಕ್ಷತ್ರ ಕೊಟ್ಟರೆ ಕಾಫಿ ಉಚಿತ’ ಎಂಬ ಫಲಕ ಹಾಕಬೇಡಿ, ಅದು ಗೂಗಲ್ ನಿಯಮಕ್ಕೆ ವಿರುದ್ಧ. ನೆಂಟರಿಷ್ಟರಿಂದ ಹೊಗಳಿಸುವುದೂ ಬೇಡ. ಒಂದೇ ದಿನ ಇಪ್ಪತ್ತು ಮಂದಿ ‘ಸೂಪರ್’ ಎಂದರೆ ಯಾರಿಗಾದರೂ ಗೊತ್ತಾಗುತ್ತದೆ.

ಹಸಿ ಸುಳ್ಳು ಆರೋಪವಾದರೆ ಕಾನೂನಿನ ದಾರಿಯೂ ಇದೆ: ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಮಾನನಷ್ಟಕ್ಕೆ ಸಂಬಂಧಿಸಿದ್ದು. ಸ್ಕ್ರೀನ್‌ಶಾಟ್ ಇಟ್ಟುಕೊಂಡು ವಕೀಲರನ್ನು ಕಾಣಿ. ಒಂದು ನಕ್ಷತ್ರಕ್ಕಾಗಿ ಕೋರ್ಟು ಅಲೆಯುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ.

ಹಾಗೆಯೇ ನಿಮ್ಮ ಸ್ವಂತ ಹೆಸರನ್ನೂ ಒಮ್ಮೆ ಹುಡುಕಿ ನೋಡಿ. ಹಳೆಯ ಫೇಸ್‌ಬುಕ್ ಜಗಳಗಳನ್ನು ಗಿರಾಕಿಗಳೂ ಓದುತ್ತಾರೆ.