ಹೆಂಡತಿಯ ಒಡವೆಯ ತೂಕ ಮತದಾರರಿಗೇಕೆ?

ತಿಪಟೂರಿನ ಓದುಗರೊಬ್ಬರು ಖಾರವಾಗಿಯೇ ಬರೆದಿದ್ದಾರೆ. ಅವರ ಮಾತಿನ ಸಾರ ಇಷ್ಟು: ಚುನಾವಣೆಗೆ ನಿಂತ ಮಾತ್ರಕ್ಕೆ ಹೆಂಡತಿಯ ಒಡವೆ ಎಷ್ಟು ಗ್ರಾಂ, ಮನೆ ಸಾಲ ಎಷ್ಟು ಬಾಕಿ ಎಂಬುದನ್ನೆಲ್ಲ ಊರ ಮುಂದೆ ಹರಡಬೇಕೇ? ಮರ್ಯಾದಸ್ಥರು ಇದಕ್ಕೇ ಹೆದರಿ ದೂರ ಉಳಿಯುತ್ತಾರೆ. ಕಳ್ಳರು ಹೇಗೂ ಸುಳ್ಳು ಬರೆಯುತ್ತಾರೆ, ಯಾರೂ ಪರಿಶೀಲಿಸುವುದಿಲ್ಲ. ಹಾಗಿದ್ದ ಮೇಲೆ ಈ ಶಾಸ್ತ್ರ ಯಾಕೆ?

ಮಾನ್ಯರೇ,

ನಿಮ್ಮ ಮೊದಲ ಪ್ರಶ್ನೆಗೆ ನ್ಯಾಯಾಲಯ ಉತ್ತರ ಕೊಟ್ಟು ಎರಡು ದಶಕ ದಾಟಿತು. ಚುನಾವಣಾ ಸುಧಾರಣೆಗಾಗಿ ದುಡಿಯುವ ಎಡಿಆರ್ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ 2002ರ ಮೇ 2ರಂದು ಸುಪ್ರೀಂ ಕೋರ್ಟ್, ಅಭ್ಯರ್ಥಿಯ ಆಸ್ತಿ, ಸಾಲ, ವಿದ್ಯಾಭ್ಯಾಸ, ಕ್ರಿಮಿನಲ್ ಪ್ರಕರಣಗಳನ್ನು ತಿಳಿಯುವ ಹಕ್ಕು ಮತದಾರನಿಗಿದೆ ಎಂದಿತು. ಪಕ್ಷಭೇದ ಮರೆತು ಸಂಸತ್ತು ಅದೇ ವರ್ಷ ಜನಪ್ರತಿನಿಧಿ ಕಾಯ್ದೆಯನ್ನು ತಿದ್ದಿ, ಕೋರ್ಟು ಏನೇ ಹೇಳಿದ್ದರೂ ಅಷ್ಟೆಲ್ಲ ಹೇಳಬೇಕಿಲ್ಲ ಎಂದು 33ಬಿ ಕಲಮನ್ನು ಸೇರಿಸಿತು. 2003ರ ಮಾರ್ಚ್ 13ರಂದು ಆ ಕಲಮೂ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಸಂಗಾತಿಯ ಆಸ್ತಿಯ ವಿಷಯ ಅಲ್ಲೇ ಚರ್ಚೆಯಾಗಿತ್ತು. ಕಾರಣ ಸರಳ: ನಮ್ಮಲ್ಲಿ ಅಕ್ರಮದ ಹಣ ಗಂಡನ ಹೆಸರಿನಲ್ಲಿ ಬಂದು ಹೆಂಡತಿಯ ಹೆಸರಿನಲ್ಲಿ ನೋಂದಣಿಯಾಗುತ್ತದೆ. ನಾಮಪತ್ರದ ಜತೆ ಕೊಡುವ ಪ್ರಮಾಣಪತ್ರದಿಂದ (ಅಫಿಡವಿಟ್) ಆ ಕಾಲಂ ತೆಗೆದರೆ ಉಳಿದ ಫಾರಂ ಇದ್ದೂ ಇಲ್ಲದಂತೆ.

ಇನ್ನು ‘ಎಲ್ಲವನ್ನೂ’ ಹೇಳಬೇಕೆಂಬ ಭಯ ಅರ್ಧ ಮಾತ್ರ ನಿಜ. ಅರುಣಾಚಲದ ತೇಜು ಕ್ಷೇತ್ರದ ಶಾಸಕರೊಬ್ಬರು ಮಾರಿದ್ದರೂ ಇಲ್ಲವೇ ಉಡುಗೊರೆ ಕೊಟ್ಟಿದ್ದರೂ ಹೆಸರು ಬದಲಾಗದೆ ಉಳಿದಿದ್ದ ಮೂರು ವಾಹನಗಳನ್ನು ತೋರಿಸಲಿಲ್ಲವೆಂದು ಹೈಕೋರ್ಟು ಅವರ ಆಯ್ಕೆ ರದ್ದು ಮಾಡಿತ್ತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ, ಬಟ್ಟೆ ಪಾತ್ರೆ ಪೀಠೋಪಕರಣಗಳನ್ನೆಲ್ಲ ಎಣಿಸಿ ಬರೆಯಬೇಕಿಲ್ಲ ಎಂದಿತು. ಸಾಧಾರಣ ಕೈಗಡಿಯಾರ ಬಿಟ್ಟುಹೋದರೆ ಲೋಪವಲ್ಲ. ಆದರೆ ದುಬಾರಿ ಗಡಿಯಾರಗಳ ಸಂಗ್ರಹವೇ ಇದ್ದು ಅದನ್ನು ಮುಚ್ಚಿಟ್ಟರೆ ಲೋಪ.

ಈ ಅಫಿಡವಿಟ್ಟಿನ ಫಾರಂ ಹೆಸರು ನಮೂನೆ 26. ಅದರಲ್ಲಿ ಬರೆಯಬೇಕಾದದ್ದು: ಕೈಯಲ್ಲಿರುವ ನಗದು, ಬ್ಯಾಂಕ್ ಠೇವಣಿ, ಷೇರು, ವಿಮೆ, ಇತರರಿಗೆ ಕೊಟ್ಟ ಕೈಸಾಲ, ವಾಹನ, ತೂಕ ಸಮೇತ ಒಡವೆ. ಜಮೀನಾದರೆ ಸರ್ವೆ ನಂಬರ್, ವಿಸ್ತೀರ್ಣ, ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಕೊಂಡ ದಿನಾಂಕ, ಆಗ ಕೊಟ್ಟ ಬೆಲೆ, ಈಗಿನ ಅಂದಾಜು ಬೆಲೆ. ಜತೆಗೆ ಸಾಲ, ಸರ್ಕಾರಕ್ಕೆ ಬಾಕಿ, ಐದು ವರ್ಷದ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಿದ ಆದಾಯ, ವಿದೇಶದಲ್ಲಿರುವ ಆಸ್ತಿ. ಕೊನೆಯ ಎರಡು 2019ರ ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ ಗಟ್ಟಿಯಾದವು. ಆದಾಯದ ಮೂಲವನ್ನೂ ಹೇಳಬೇಕೆಂದದ್ದು ಲೋಕಪ್ರಹರಿ ಎಂಬ ಸಂಸ್ಥೆಯ ಪ್ರಕರಣದಲ್ಲಿ 2018ರ ಫೆಬ್ರುವರಿಯಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು.

ಯಾವ ಕಾಲಮನ್ನೂ ಖಾಲಿ ಬಿಡುವಂತಿಲ್ಲ. ‘ಇಲ್ಲ’ ಅಥವಾ ‘ಅನ್ವಯಿಸುವುದಿಲ್ಲ’ ಎಂದು ಬರೆಯಲೇಬೇಕು. ಖಾಲಿ ಬಿಟ್ಟು, ಚುನಾವಣಾಧಿಕಾರಿ ನೋಟಿಸ್ ಕೊಟ್ಟರೂ ಸರಿಪಡಿಸದಿದ್ದರೆ ನಾಮಪತ್ರ ತಿರಸ್ಕೃತವಾಗುತ್ತದೆ, 2013ರಿಂದ ಇದೇ ನಿಯಮ. ಎಡವಟ್ಟು ಇರುವುದೂ ಇಲ್ಲೇ: ಖಾಲಿ ಬಿಟ್ಟವನು ಸಿಕ್ಕಿಬೀಳುತ್ತಾನೆ, ಸುಳ್ಳು ತುಂಬಿದವನು ಪಾಸಾಗುತ್ತಾನೆ. ಬರೆದದ್ದು ನಿಜವೇ ಎಂದು ವಿಚಾರಣೆ ನಡೆಸುವ ಅಧಿಕಾರ ಚುನಾವಣಾಧಿಕಾರಿಗಿಲ್ಲ.

ಹೌದು, ಯಾರೂ ಪರಿಶೀಲಿಸುವುದಿಲ್ಲ ಎಂಬ ನಿಮ್ಮ ಮಾತನ್ನು ನಾವು ಒಪ್ಪುತ್ತೇವೆ. ನಾಮಪತ್ರಕ್ಕೆ ಕೊನೆಯ ದಿನ ಮುಗಿದ ಮರುದಿನವೇ ಪರಿಶೀಲನೆ. ಕೊನೆಯ ಗಳಿಗೆಯಲ್ಲಿ ಸಲ್ಲಿಸಿದ ಅಫಿಡವಿಟ್ಟನ್ನು ನೋಡಿ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆಸ್ತಿಯ ಇಸಿ (ಋಣಭಾರ ಪತ್ರ) ತೆಗೆಸಿ, ಪಹಣಿ ತಾಳೆ ಹಾಕಿ ಆಕ್ಷೇಪ ಎತ್ತಲು ಎದುರಾಳಿಗೆ ಸಿಗುವುದು ಒಂದೇ ರಾತ್ರಿ. ನಡುವೆ ಒಂದು ವಾರ ಇರಲಿ ಎಂದು ಕಾನೂನು ಆಯೋಗ 2014ರಲ್ಲೇ ಶಿಫಾರಸು ಮಾಡಿತ್ತು. ಸುಳ್ಳು ಅಫಿಡವಿಟ್ಟಿಗೆ ಜನಪ್ರತಿನಿಧಿ ಕಾಯ್ದೆಯ 125ಎ ಕಲಮಿನಡಿ ಗರಿಷ್ಠ ಆರು ತಿಂಗಳ ಸೆರೆ, ಇಲ್ಲವೇ ಬರೀ ದಂಡ. ಶಿಕ್ಷೆಯಾದರೂ ಸ್ಥಾನ ಹೋಗುವುದಿಲ್ಲ, ಏಕೆಂದರೆ ಸಾಮಾನ್ಯ ಅಪರಾಧಗಳಲ್ಲಿ ಅನರ್ಹತೆಗೆ ಕನಿಷ್ಠ ಎರಡು ವರ್ಷದ ಶಿಕ್ಷೆ ಬೇಕು. ಸುಳ್ಳು ಅಫಿಡವಿಟ್ಟಿನ ಶಿಕ್ಷೆಯನ್ನು ಕನಿಷ್ಠ ಎರಡು ವರ್ಷಕ್ಕೆ ಏರಿಸಿ ಎಂದೂ ಕಾನೂನು ಆಯೋಗದ ಅದೇ ವರದಿ ಹೇಳಿತ್ತು.

ಉಳಿಯುವುದು ಗೆದ್ದವರ ವಿರುದ್ಧದ ಚುನಾವಣಾ ತಕರಾರು ಅರ್ಜಿ. ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೆ ಹಾಕಬೇಕು. ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾನೂನು ಬಯಸುತ್ತದೆ. ಹಾಸನ ಲೋಕಸಭಾ ಕ್ಷೇತ್ರದ 2019ರ ಆಯ್ಕೆಯನ್ನೇ ನೋಡಿ: ಆಸ್ತಿ ಮುಚ್ಚಿಟ್ಟ ಆರೋಪದ ಮೇಲೆ ಪ್ರಜ್ವಲ್ ರೇವಣ್ಣ ಅವರ ಆಯ್ಕೆಯನ್ನು ಹೈಕೋರ್ಟು ರದ್ದು ಮಾಡಿದ್ದು 2023ರ ಸೆಪ್ಟೆಂಬರ್ 1ರಂದು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಅವಧಿ ಮುಗಿದೇಹೋಯಿತು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮಲ್ಲೇ ಇದೆ. ಪತಿಯ ಆಸ್ತಿ ಮರೆಮಾಚಿದ್ದಕ್ಕೆ ಮೈಸೂರಿನ ಮೇಯರ್ ಆಗಿದ್ದ ರುಕ್ಮಿಣಿ ಮಾದೇಗೌಡ 2021ರಲ್ಲಿ ಸ್ಥಾನ ಕಳೆದುಕೊಂಡರು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂದರೆ ಹತಾರಕ್ಕೆ ಅಲಗಿದೆ, ಬೀಸುವ ಕೈ ನಿಧಾನ.

ಹಾಗಾದರೆ ಯಾರೂ ಪರಿಶೀಲಿಸದ ಕಾಗದದಿಂದ ಏನುಪಯೋಗ? ಓದಲು ಬಂದರೆ ಬಹಳ ಇದೆ. ಪತ್ರಿಕೆಗಳು ‘ಐದು ವರ್ಷದಲ್ಲಿ ಆಸ್ತಿ ದುಪ್ಪಟ್ಟು’ ಎಂದು ಬರೆದು ಕೈತೊಳೆದುಕೊಳ್ಳುತ್ತವೆ (ನಮ್ಮದೂ ಸೇರಿ). 2023ರಲ್ಲಿ ಡಿ.ಕೆ. ಶಿವಕುಮಾರ್ ಅವರ ಘೋಷಣೆ 1,400 ಕೋಟಿ ದಾಟಿತೆಂಬುದು ಸುದ್ದಿಯಾಯಿತು. ಆದರೆ ಯಾರದೇ ಅಫಿಡವಿಟ್ಟಿರಲಿ, ಒಟ್ಟು ಮೊತ್ತ ಏನನ್ನೂ ಹೇಳುವುದಿಲ್ಲ. 2009ರಲ್ಲಿ 6 ಲಕ್ಷಕ್ಕೆ ಕೊಂಡ ಎರಡು ಎಕರೆ ಈಗ ಎರಡು ಕೋಟಿ ಎಂದಿದ್ದರೆ ಅದು ಲಂಚವಲ್ಲ, ರಿಂಗ್ ರೋಡ್. ರಾಜ್ಯದಲ್ಲಿ 2023ರ ಅಕ್ಟೋಬರ್‌ನಿಂದ ಮಾರ್ಗಸೂಚಿ ದರ (ನೋಂದಣಿಗೆ ಸರ್ಕಾರ ಗೊತ್ತುಮಾಡುವ ಕನಿಷ್ಠ ಬೆಲೆ) ಏರಿದ್ದರಿಂದ ಏನೂ ಕೊಳ್ಳದವರ ಆಸ್ತಿಯೂ ಕಾಗದದಲ್ಲಿ ಉಬ್ಬಿರಬಹುದು.

ಆದ್ದರಿಂದ ಹಿಂದಿನ ಮತ್ತು ಈಗಿನ ಅಫಿಡವಿಟ್ಟುಗಳನ್ನು ಪಕ್ಕಪಕ್ಕ ಇಟ್ಟು, ಎರಡು ಚುನಾವಣೆಗಳ ನಡುವೆ ಹೊಸದಾಗಿ ಕೊಂಡ ಸರ್ವೆ ನಂಬರ್‌ಗಳನ್ನು ಮಾತ್ರ ಗುರುತು ಮಾಡಿ. ಅವುಗಳ ಕೊಂಡ ಬೆಲೆ ಕೂಡಿ. ಅದಕ್ಕೆ ಹೆಚ್ಚಿದ ಠೇವಣಿ, ಷೇರು, ಒಡವೆ ಸೇರಿಸಿ, ಹೊಸ ಸಾಲ ಕಳೆಯಿರಿ. ಬಂದ ಮೊತ್ತವನ್ನು ದಂಪತಿಯ ಐದು ವರ್ಷದ ಆದಾಯದ ಎದುರು ಇಡಿ. ಆದಾಯ 40 ಲಕ್ಷ, ಹೊಸ ಖರೀದಿ 3 ಕೋಟಿ ಎಂದಾದರೆ ಕೇಳಬೇಕಾದ ಪ್ರಶ್ನೆ ಸಿಕ್ಕಿತು. ‘ಕೃಷಿ ಆದಾಯ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದಕ್ಕೆ ತೆರಿಗೆ ಇಲ್ಲವಾದ್ದರಿಂದ ರಿಟರ್ನ್ಸ್‌ನ ಒಟ್ಟು ಆದಾಯದಲ್ಲಿ ಅದು ಕಾಣದೆಯೂ ಇರಬಹುದು. ಆಗ ಪಹಣಿಯ ಬೆಳೆ ಕಾಲಂ ತೆರೆಯಿರಿ. ರಾಗಿ, ಹುರುಳಿ ಎಂದಿರುವ ಮೂರು ಎಕರೆಯಿಂದ ಕೋಟಿ ಹುಟ್ಟುವುದಿಲ್ಲ. ದುಡಿಮೆ ಇರುವ ಮಕ್ಕಳ ಆಸ್ತಿ ಈ ಫಾರಮಿನಲ್ಲಿ ಬರುವುದಿಲ್ಲ, ಅವಲಂಬಿತರದ್ದು ಮಾತ್ರ. ಮಗನ ಕಂಪನಿಗೆ ಅಭ್ಯರ್ಥಿ ಕೊಟ್ಟ ಕೈಸಾಲ ಮಾತ್ರ ಚರಾಸ್ತಿಯ ಕಾಲಮಿನಲ್ಲಿ ಇಣುಕುತ್ತದೆ. ಮೊದಲು ನೋಡಬೇಕಾದ ಸಾಲೇ ಅದು.

ಐದು ವರ್ಷಕ್ಕೊಮ್ಮೆ ಸಾಲದು ಎಂಬುದು ನಮ್ಮ ನಿಲುವು. ಲೋಕಾಯುಕ್ತ ಕಾಯ್ದೆಯ 22ನೇ ಕಲಮಿನಂತೆ ನಮ್ಮ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಆಸ್ತಿ ವಿವರ ಕೊಡಬೇಕು. ಅದನ್ನು ಅಫಿಡವಿಟ್ಟಿನಂತೆಯೇ ಜಾಲತಾಣಕ್ಕೆ ಹಾಕಲು ಹೊಸ ಫಾರಮ್ಮೂ ಬೇಡ, ಹೊಸ ಕಚೇರಿಯೂ ಬೇಡ.

ಚುನಾವಣೆಗೆ ನಿಲ್ಲಬಯಸುವ ನಿಮ್ಮ ಪರಿಚಯದ ಮರ್ಯಾದಸ್ಥರಿಗೆ ಹೇಳಿ: ತಿಂಗಳ ಮೊದಲೇ ದಂಪತಿಯ ಹೆಸರಿನ ಎಲ್ಲ ಇಸಿ, ಖಾತೆ ತೆಗೆಸಿಟ್ಟುಕೊಳ್ಳಲಿ, ಮಾರಿದ ಹಳೆ ಸ್ಕೂಟರಿನ ಆರ್‌ಸಿ ವರ್ಗಾವಣೆಯಾಗಿದೆಯೇ ನೋಡಲಿ, ಒಡವೆ ತೂಗಿಸಿ ಚೀಟಿ ಪಡೆಯಲಿ, ಪ್ರತಿ ಪುಟಕ್ಕೂ ಸಹಿ, ನೋಟರಿ ಮುದ್ರೆ ಬಿದ್ದಿದೆಯೇ ಎಣಿಸಲಿ. ಎದುರಾಳಿಯ ಕಾಗದದಲ್ಲಿ ಸುಳ್ಳು ಕಂಡರೆ ದಾಖಲೆ ಲಗತ್ತಿಸಿ ಚುನಾವಣಾಧಿಕಾರಿಗೆ ಪ್ರತಿ-ಅಫಿಡವಿಟ್ ಕೊಡಲಿ. ಅವರು ಅದನ್ನು ಒಪ್ಪಬೇಕೆಂದಿಲ್ಲ, ಆದರೆ ಸಾರ್ವಜನಿಕರಿಗೆ ಸಿಗುವಂತೆ ಪ್ರಕಟಿಸಬೇಕು.

— ಸಂಪಾದಕ