ಶಾಯಿ ಮಾಡುವ ಊರಲ್ಲಿ ಶಾಯಿ ಇಲ್ಲದ ಬೆರಳು

ಮೈಸೂರಿನ ಓದುಗರೊಬ್ಬರ ಪತ್ರ: "2024ರ ಏಪ್ರಿಲ್ 26ರಂದು ಬಿಸಿಲಲ್ಲಿ ಮುಕ್ಕಾಲು ಗಂಟೆ ಕ್ಯೂ ನಿಂತೆ. ಒಳಗೆ ಹೋದರೆ 'ನಿಮ್ಮ ಓಟು ಆಗಲೇ ಬಿದ್ದಿದೆ ಅಮ್ಮಾ' ಅಂದರು. ಬೆರಳು ತೋರಿಸಿದೆ. ಶಾಯಿ ಇರಲಿಲ್ಲ. 'ನಾವೇನು ಮಾಡೋಕಾಗುತ್ತೆ, ಹಿಂದೆ ಜನ ಕಾಯ್ತಿದ್ದಾರೆ' ಅಂದರು. ಬಂದುಬಿಟ್ಟೆ. ಇಡೀ ದೇಶಕ್ಕೆ ಶಾಯಿ ಕಳಿಸೋ ಊರು ನಮ್ಮದು, ನನ್ನ ಬೆರಳಿಗೇ ಇಲ್ಲ. ನಿಮ್ಮ ಪತ್ರಿಕೆ ಪ್ರತಿ ಚುನಾವಣೆಗೂ 'ತಪ್ಪದೆ ಮತ ಹಾಕಿ' ಅಂತ ಬರೆಯುತ್ತದೆ. ಹಾಕಲು ಹೋದವಳಿಗೆ ಹೀಗಾದರೆ ಏನು ಮಾಡಬೇಕು ಅಂತ ಒಂದು ಸಲವಾದರೂ ಬರೆದಿದ್ದೀರಾ? ಮುಂದಿನ ಸಲ ನಾನು ಯಾಕೆ ಹೋಗಬೇಕು?"

ಸಂಪಾದಕರ ಉತ್ತರ:

ಇಲ್ಲ ಅಮ್ಮಾ, ಬರೆದಿಲ್ಲ. ಹಳೆಯ ಸಂಚಿಕೆಗಳನ್ನು ತಿರುವಿ ಹಾಕಿದೆ. ಯಾಕೆ ಮತ ಹಾಕಬೇಕು ಅಂತ ಪುಟಗಟ್ಟಲೆ ಇದೆ. ಬೆಂಗಳೂರಿನವರು ಸೋಮಾರಿಗಳು ಅಂತ ಬೈದಿದ್ದೂ ಜಾಸ್ತಿಯೇ ಇದೆ. ಆ ಬೈಗುಳಕ್ಕೆ ಕಾರಣ ಇಲ್ಲದೆ ಇಲ್ಲ, ಇದೇ ಚುನಾವಣೆಯಲ್ಲಿ ಮಂಡ್ಯದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನ ಮತ ಹಾಕಿದರೆ ಬೆಂಗಳೂರು ನಗರದ ಮೂರು ಕ್ಷೇತ್ರಗಳಲ್ಲಿ ಒಂದೂ 55 ದಾಟಲಿಲ್ಲ. ಆದರೆ ಹೋಗಿ, ನಿಂತು, ವಾಪಸ್ ಬಂದವರ ಬಗ್ಗೆ ನಮ್ಮಲ್ಲಿ ಒಂದು ಸಾಲೂ ಇಲ್ಲ. ತಪ್ಪು ನಮ್ಮದೇ.

ಮೊದಲು ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. ನಿಮ್ಮನ್ನು ಹಾಗೆ ಕಳಿಸುವಂತಿರಲಿಲ್ಲ. ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಮತ ಹಾಕಿದ್ದರೂ ನೀವು ನೀವೇ ಅಂತ ಸಾಬೀತಾದರೆ ನಿಮಗೆ ಮತ ಹಾಕುವ ಹಕ್ಕು ಇದ್ದೇ ಇರುತ್ತದೆ. ಚುನಾವಣಾ ನಿಯಮಗಳಲ್ಲಿ 49ಪಿ ಅಂತ ಒಂದು ನಿಯಮವೇ ಇದೆ. ಇದಕ್ಕೆ ಟೆಂಡರ್ಡ್ ಮತ ಅನ್ನುತ್ತಾರೆ. ಮತಗಟ್ಟೆಯ ಮುಖ್ಯ ಅಧಿಕಾರಿ ನಿಮ್ಮನ್ನು ಕೆಲವು ಪ್ರಶ್ನೆ ಕೇಳಿ ಗುರುತು ಖಾತ್ರಿ ಮಾಡಿಕೊಳ್ಳಬೇಕು, ಫಾರಂ 17ಬಿಯಲ್ಲಿ ನಿಮ್ಮ ಸಹಿ ಹಾಕಿಸಿಕೊಳ್ಳಬೇಕು. ಆಮೇಲೆ ಯಂತ್ರದ ಬದಲು ಕಾಗದದ ಮತಪತ್ರ ಕೊಡಬೇಕು. ಅದರ ಹಿಂಬದಿ 'ಟೆಂಡರ್ಡ್ ಬ್ಯಾಲೆಟ್' ಅಂತ ಇರುತ್ತದೆ. ಹಳೇ ಕಾಲದ ಹಾಗೆ ರಬ್ಬರ್ ಮುದ್ರೆ ಒತ್ತಿ, ಮಡಚಿ ಅಧಿಕಾರಿಯ ಕೈಗೆ ಕೊಟ್ಟರೆ ಅವರು ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ.

ಇಷ್ಟು ಸಲೀಸಾಗಿ ಹೇಳುತ್ತಿದ್ದೇನೆ ನೋಡಿ. ಇದನ್ನು ಮಾಡಬೇಕಾದ ಕುರ್ಚಿಯಲ್ಲಿ ಕೂತಿದ್ದಾಗ ನಾನೇ ಮಾಡಲಿಲ್ಲ.

ಪತ್ರಿಕೆಗೆ ಬರುವ ಮೊದಲು ನಾನು ಹೈಸ್ಕೂಲ್ ಮೇಷ್ಟ್ರು. ಮೇಷ್ಟ್ರು ಅಂದಮೇಲೆ ಎಲೆಕ್ಷನ್ ಡ್ಯೂಟಿ ತಪ್ಪುತ್ತದೆಯೇ. 2004ರ ಏಪ್ರಿಲ್‌ನಲ್ಲಿ ಲೋಕಸಭೆ, ವಿಧಾನಸಭೆ ಎರಡೂ ಒಟ್ಟಿಗೆ ಬಂದವು. ಹಾಸನ ಜಿಲ್ಲೆಯ ಒಂದು ಹಳ್ಳಿ ಶಾಲೆಗೆ ನನ್ನನ್ನು ಮತಗಟ್ಟೆಯ ಮುಖ್ಯ ಅಧಿಕಾರಿ ಮಾಡಿ ಕಳಿಸಿದರು. ಹಿಂದಿನ ದಿನ ಮಸ್ಟರಿಂಗ್, ಅಂದರೆ ಸಾಮಾನು ವಹಿಸಿಕೊಳ್ಳುವ ಕೆಲಸ. ತಾಲೂಕು ಕೇಂದ್ರದ ಮೈದಾನದಲ್ಲಿ ಶಾಮಿಯಾನದ ಕೆಳಗೆ ಎರಡು ಚುನಾವಣೆಗೆ ಎರಡು ಸೆಟ್ ಯಂತ್ರ, ಚೀಲದ ತುಂಬ ಫಾರಂಗಳು, ಅರಗು, ಮೇಣದಬತ್ತಿ, ದಾರ, ಒಂದು ಪುಟ್ಟ ಶೀಶೆ ಶಾಯಿ. ಲಗೇಜು ಹೊತ್ತುಕೊಂಡು ಬಸ್ಸಿನಲ್ಲಿ ಹೋದರೆ ಊರು ತಲುಪುವಾಗ ಸಂಜೆ. ಶಾಲೆಯ ಬೆಂಚು ಜೋಡಿಸಿ ಮಲಗಿದೆವು. ಸೊಳ್ಳೆಗೆ ಯಾರಿಗೂ ನಿದ್ದೆ ಇಲ್ಲ. ನಾಲ್ಕೂವರೆಗೆ ಎದ್ದು ಬೋರ್‌ವೆಲ್ ಹತ್ತಿರ ಸ್ನಾನ, ಆಮೇಲೆ ಏಜೆಂಟರ ಎದುರು ಅಣಕು ಮತದಾನ, ಸೀಲು, ಸಹಿ. ಏಳು ಗಂಟೆಗೆ ಬಾಗಿಲು ತೆರೆದರೆ ಊರಿಗೆ ಊರೇ ಹೊರಗೆ ನಿಂತಿದೆ. ಹೆಂಗಸರು ಹಬ್ಬಕ್ಕೆ ಉಡುವ ಸೀರೆ ಉಟ್ಟು ಬಂದಿದ್ದರು. ಒಬ್ಬರು ಅಜ್ಜಿ ಒಳಗಿಂದಲೇ ಜೋರಾಗಿ "ಮಗಾ, ಇದ್ರಲ್ಲಿ ನಮ್ದು ಯಾವ್ದು?" ಅಂತ ಕೇಳಿದಾಗ ಎಲ್ಲ ಪಕ್ಷದ ಏಜೆಂಟರೂ ಒಂದೇ ಸಲ ಕೆಮ್ಮಿದರು.

ಮಧ್ಯಾಹ್ನ ಮೂರರ ಹೊತ್ತಿಗೆ ಒಬ್ಬರು ಬಂದರು. ಅರವತ್ತು ದಾಟಿದ ವಯಸ್ಸು. ಕಾಫಿ ತೋಟದಲ್ಲಿ ಕೂಲಿಗೆ ಹೋಗಿದ್ದವರು ಓಟಿಗೆ ಅಂತಲೇ ಬಸ್ಸು ಹಿಡಿದು ಬಂದಿದ್ದರು. ಪಟ್ಟಿ ನೋಡಿದರೆ ಅವರ ಸಾಲಿಗೆ ಆಗಲೇ ಗೆರೆ ಬಿದ್ದಿದೆ. ನಿಮಗೆ ಅವರು ಹೇಳಿದ ಮಾತನ್ನೇ ನಾನೂ ಹೇಳಿದೆ, "ಏನು ಮಾಡೋಕಾಗುತ್ತೆ ಯಜಮಾನ್ರೇ." ಹೊರಗೆ ಕ್ಯೂ ಬಾಗಿಲು ದಾಟಿ ಬೇವಿನ ಮರದ ತನಕ ಇತ್ತು. ಅವರು ಕೈಯಲ್ಲಿದ್ದ ಚೀಟಿಯನ್ನು ಜೇಬಿಗೆ ಹಾಕಿಕೊಂಡು, "ಇರ್ಲಿ ಬುಡಿ ಸಾಮಿ, ಯಾರೋ ಹಾಕವ್ರಲ್ಲ," ಅಂತ ಹೇಳಿ ಹೋದರು. ಜಗಳ ಮಾಡಿದ್ದರೆ ನಿಯಮದ ಪುಸ್ತಕ ತೆಗೆಯುತ್ತಿದ್ದೆನೋ ಏನೋ. ತರಬೇತಿಯಲ್ಲಿ ಟೆಂಡರ್ಡ್ ಮತದ ಬಗ್ಗೆ ಹೇಳಿದ್ದರು. ನಾನು ಆಗ ಟೀ ಕುಡಿಯಲು ಹೋಗಿರಲಿಲ್ಲ, ಕೇಳಿಸಿಕೊಂಡಿದ್ದೆ. ಆ ಹೊತ್ತಿಗೆ ನೆನಪಿಗೆ ಬರಲಿಲ್ಲ ಅಷ್ಟೇ.

ಅವರ ಓಟನ್ನು ಯಾರೋ ಕದ್ದರು ಅಂತ ಆಗ ಅಂದುಕೊಂಡೆ. ಈಗ ಅಷ್ಟು ಖಾತ್ರಿ ಇಲ್ಲ. ನಮ್ಮ ಹಳ್ಳಿಗಳಲ್ಲಿ ಒಂದೇ ಬೀದಿಯಲ್ಲಿ ನಾಲ್ಕು ಜನ ರಂಗಮ್ಮ, ಮೂರು ಜನ ಸಣ್ಣೇಗೌಡರು ಇರುತ್ತಾರೆ, ತಂದೆ ಹೆಸರೂ ಕೆಲವು ಸಲ ಒಂದೇ. ಬೆಳಗ್ಗಿನ ನೂಕುನುಗ್ಗಲಲ್ಲಿ ಒಬ್ಬ ಸಣ್ಣೇಗೌಡರ ಬದಲು ಇನ್ನೊಬ್ಬ ಸಣ್ಣೇಗೌಡರ ಸಾಲಿಗೆ ಗೆರೆ ಎಳೆದುಬಿಟ್ಟರೆ ಮುಗಿಯಿತು. ಮೈಸೂರಿನ ಬಡಾವಣೆಗಳಲ್ಲೂ ಲಕ್ಷ್ಮಿ, ಗೀತಾ, ಸವಿತಾ ಕಮ್ಮಿ ಏನಿಲ್ಲ. ನಿಮ್ಮದು ಕಳ್ಳ ಓಟೋ ತಪ್ಪು ಗೆರೆಯೋ ಇಲ್ಲಿ ಕೂತು ನಾನು ಹೇಳಲಾರೆ. ಹಾಗಾಗಿ ಪಕ್ಕದ ರಸ್ತೆಯ ಯಾರ ಮೇಲೂ ಅನುಮಾನ ಪಡಬೇಡಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ. ನಿಮ್ಮ ಪತ್ರದಲ್ಲಿ ಅಂಥ ಒಂದು ಹೆಸರಿತ್ತು. ತೆಗೆದಿದ್ದೇನೆ.

ಇನ್ನು ಕಹಿ ವಿಷಯ. ಟೆಂಡರ್ಡ್ ಮತವನ್ನು ಸಾಮಾನ್ಯ ಎಣಿಕೆಯಲ್ಲಿ ಎಣಿಸುವುದಿಲ್ಲ. ಲಕೋಟೆ ಹಾಗೇ ಮುಚ್ಚಿರುತ್ತದೆ. ಚುನಾವಣಾ ತಕರಾರು ಕೋರ್ಟಿಗೆ ಹೋಗಿ, ಕೋರ್ಟು ಹೇಳಿದರೆ ಮಾತ್ರ ತೆರೆಯುವುದು. ಅಂಥದ್ದು ನಡೆದೇ ಇಲ್ಲ ಅಂತಲ್ಲ. 2008ರಲ್ಲಿ ರಾಜಸ್ಥಾನದ ನಾಥದ್ವಾರ ವಿಧಾನಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಸಿ. ಪಿ. ಜೋಶಿ ಒಂದೇ ಒಂದು ಮತದಿಂದ ಸೋತಾಗ ಟೆಂಡರ್ಡ್ ಮತಗಳ ವಿಷಯ ಸುಪ್ರೀಂ ಕೋರ್ಟ್ ತನಕ ಹೋಯಿತು. ಆದರೆ ಸಾವಿರಾರು ಮತಗಳ ಅಂತರ ಇರುವ ಕಡೆ ನಿಮ್ಮ ಲಕೋಟೆಯನ್ನು ಯಾರೂ ಮುಟ್ಟುವುದಿಲ್ಲ. ಹಾಗಾದರೆ ಅದರಿಂದ ಏನು ಬಂತು ಅಂತ ನೀವು ಕೇಳುತ್ತೀರಿ. ಒಂದು ಬರುತ್ತದೆ, ದಾಖಲೆ. ಫಾರಂ 17ಬಿಯಲ್ಲಿ ನಿಮ್ಮ ಸಹಿ ಇದ್ದರೆ ಈ ಮತಗಟ್ಟೆಯಲ್ಲಿ ಹೀಗೊಂದು ಆಯಿತು ಅಂತ ಕಾಗದದ ಮೇಲೆ ಉಳಿಯುತ್ತದೆ. ಸುಮ್ನೆ ವಾಪಸ್ ಬಂದರೆ ಸರ್ಕಾರಿ ಲೆಕ್ಕದಲ್ಲಿ ನೀವು ಆವತ್ತು ಬಂದು ಮತ ಹಾಕಿ ಹೋದವರು. ಅಧಿಕಾರಿಗಳಿಗೂ ಅದೇ ಅನುಕೂಲ. ನನಗೂ ಆಗಿತ್ತು.

ಅದೇ 2004ರ ಚುನಾವಣೆಯ ಫಲಿತಾಂಶ ಮೇ ತಿಂಗಳಲ್ಲಿ ಬಂತು. ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ. ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಮತದ ಸೋಲು. ಕೃಷ್ಣಮೂರ್ತಿಯವರ ಡ್ರೈವರ್‌ಗೆ ಆವತ್ತು ಮತ ಹಾಕಲು ಬಿಡುವೇ ಸಿಗಲಿಲ್ಲ ಅಂತ ಒಂದು ಕಥೆ ಎಲ್ಲರ ಬಾಯಲ್ಲೂ ಓಡಾಡಿತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅದನ್ನು ಹೇಳಿಕೊಂಡು ನಗುತ್ತಿದ್ದರು. (ಕೃಷ್ಣಮೂರ್ತಿಯವರು 2023ರಲ್ಲಿ ಕೊಳ್ಳೇಗಾಲದಿಂದ ಭಾರಿ ಅಂತರದಲ್ಲಿ ಗೆದ್ದರು, ಅದು ಬೇರೆ ಮಾತು.) ನಾನು ಮಾತ್ರ ನಗಲಿಲ್ಲ. ನನ್ನ ಮತಗಟ್ಟೆ ಆ ಕ್ಷೇತ್ರದಲ್ಲಿ ಇರಲಿಲ್ಲ, ನಿಜ. ಆದರೂ ಬೇವಿನ ಮರದ ಕಡೆ ನಡೆದು ಹೋದ ಬೆನ್ನು ಕಣ್ಣಿಗೆ ಬರುತ್ತಿತ್ತು.

ಮುಂದಿನ ಸಲ ಯಾಕೆ ಹೋಗಬೇಕು ಅಂತ ಕೇಳಿದ್ದೀರಿ. ಅದನ್ನು ನಾನು ಹೇಳುವುದಿಲ್ಲ, ಈ ಪತ್ರಿಕೆ ಅದನ್ನು ಸಾಕಷ್ಟು ಹೇಳಿದೆ. ಬೆಳಗ್ಗೆ ಏಳಕ್ಕೇ ಹೋಗಿ, ಯಾರೂ ನಿಮ್ಮ ಓಟು ಹಾಕೋ ಮೊದಲು ನೀವೇ ಹಾಕಿ ಅಂತ ಹಲವರು ಸಲಹೆ ಕೊಡುತ್ತಾರೆ. ಅದು ಕಳ್ಳನನ್ನು ಬಿಟ್ಟು ಮನೆಯವರಿಗೇ ಬೇಗ ಏಳಿ ಅಂದ ಹಾಗೆ, ಅಲ್ವಾ? ಹೋಗುವುದಾದರೆ ನಿಮಗೆ ಅನುಕೂಲವಾದ ಹೊತ್ತಿಗೆ ಹೋಗಿ. ಪಟ್ಟಿಯಲ್ಲಿ ನಿಮ್ಮ ಕ್ರಮಸಂಖ್ಯೆ ಎಷ್ಟು ಅಂತ ನೋಡಿಕೊಂಡು ಹೋಗಿ. ಅಧಿಕಾರಿ ನಿಮ್ಮ ಹೆಸರನ್ನು ಜೋರಾಗಿ ಓದುವಾಗ ಆ ಸಂಖ್ಯೆಯನ್ನೂ ಕೇಳಿಸಿಕೊಳ್ಳಿ. ಮತ್ತೆ ಹೀಗಾದರೆ "ಟೆಂಡರ್ಡ್ ಬ್ಯಾಲೆಟ್ ಕೊಡಿ, 17ಬಿಯಲ್ಲಿ ಸಹಿ ಹಾಕುತ್ತೇನೆ" ಅಂತ ಹೇಳಿ ಅಲ್ಲೇ ನಿಂತಿರಿ. ಹಿಂದೆ ಜನ ಕಾಯುತ್ತಿದ್ದರೆ ಕಾಯಲಿ. ಆ ಎರಡು ಪದ ಕೇಳಿದ ತಕ್ಷಣ ಮೇಷ್ಟ್ರಿಗೆ ತರಬೇತಿ ನೆನಪಾಗುತ್ತದೆ, ನಾನು ಬಲ್ಲೆ.

2004ರ ಆ ರಾತ್ರಿ ಸಾಮಾನು ವಾಪಸ್ ಒಪ್ಪಿಸುವ ಡಿಮಸ್ಟರಿಂಗ್‌ನಲ್ಲಿ ನಮ್ಮ ಸರದಿ ಬರುವಾಗ ಹನ್ನೊಂದು ದಾಟಿತ್ತು. ಟೇಬಲ್ ಆಚೆ ಕೂತಿದ್ದ ಗುಮಾಸ್ತರು ಒಂದೊಂದೇ ಲಕೋಟೆ ಎಣಿಸಿ ಟಿಕ್ ಹಾಕುತ್ತಿದ್ದರು. ಟೆಂಡರ್ಡ್ ಮತಪತ್ರದ ಕಟ್ಟುಗಳು ಬಂದವು. ಲೋಕಸಭೆಗೆ ಒಂದು, ವಿಧಾನಸಭೆಗೆ ಒಂದು, ಕೊಟ್ಟಾಗ ಹೇಗಿತ್ತೋ ಹಾಗೇ. ದಾರ ಕೂಡ ಬಿಚ್ಚಿರಲಿಲ್ಲ. "ಒಂದೂ ಖರ್ಚಾಗಿಲ್ಲ. ಒಳ್ಳೇದಾಯ್ತು ಮೇಷ್ಟ್ರೇ, ತಲೆನೋವಿಲ್ಲ," ಅಂದರು. ನಾನು ಹೂಂ ಅಂತ ಸಹಿ ಹಾಕಿ ಕೊನೇ ಬಸ್ಸಿಗೆ ಓಡಿದೆ.