ನಕ್ಷತ್ರ ನೋಡಲು ಊರಿನ ದೀಪ ಆರಿಸಬೇಕೆ?

ಪತ್ರದ ಸಾರ: "ಡಾರ್ಕ್ ಸ್ಕೈ ರಿಸರ್ವ್‌ಗಳ (ರಾತ್ರಿಯ ಕತ್ತಲು ಉಳಿಸಲು ಹೊರಗಿನ ದೀಪಗಳಿಗೆ ನಿಯಮ ಹಾಕಿಕೊಂಡ ಮೀಸಲು ಪ್ರದೇಶಗಳ) ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ಯಾರೋ ಪ್ರವಾಸಿಗಳು ಬಂದು ಆಕಾಶ ನೋಡಿ ಹೋಗಲೆಂದು ಅಲ್ಲಿನ ಜನ ಕತ್ತಲಲ್ಲಿ ಬದುಕಬೇಕೆ? ಕರೆಂಟಿಗಾಗಿ ವರ್ಷಗಟ್ಟಲೆ ಕಾದವರಿಗೆ ದೀಪ ಆರಿಸಿ ಎನ್ನುವುದು ಯಾವ ನ್ಯಾಯ? ಅಲ್ಲದೆ, ನಾಲ್ಕಾರು ಜಾಗಗಳಿಗೆ ಬೇಲಿ ಹಾಕಿದರೆ ಮಿಕ್ಕ ಆಕಾಶ ಹಾಳಾಗಲಿ ಎಂದು ಒಪ್ಪಿಕೊಂಡಂತೆ ಆಗುವುದಿಲ್ಲವೇ? ಇಷ್ಟು ಕೇಳಿದರೂ ಒಮ್ಮೆ ಹೋಗಿ ನೋಡುವ ಆಸೆಯಿದೆ. ಹೋಗುವಾಗ ಏನು ಗಮನಿಸಬೇಕು?"

ಸಂಪಾದಕರ ಉತ್ತರ:

ನಿಮ್ಮ ಸಿಟ್ಟಿಗೆ ಅರ್ಥವಿದೆ. ಆದರೆ ಇಂಥ ಪ್ರದೇಶಗಳಲ್ಲಿ ದೀಪಕ್ಕೆ ನಿಷೇಧವಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮಾಂಟ್ ಮೆಗಾಂಟಿಕ್ ನೋಡಿ. 2007ರಲ್ಲಿ ಅಂತರರಾಷ್ಟ್ರೀಯ ಮನ್ನಣೆ ಪಡೆದ ಮೊದಲ ರಿಸರ್ವ್ ಅದು. ಶೆರ್‌ಬ್ರೂಕ್ ಎಂಬ ಇಡೀ ನಗರವೇ ಅದರ ಎಲ್ಲೆಯೊಳಗಿದೆ. ಬೆಟ್ಟದ ಮೇಲಿನ ವೀಕ್ಷಣಾಲಯ 1978ರಿಂದ ಕೆಲಸ ಮಾಡುತ್ತಿತ್ತು. ಸುತ್ತಲ ಊರುಗಳ ಬೆಳಕು ಏರುತ್ತ ಹೋದಂತೆ ಟೆಲಿಸ್ಕೋಪಿಗೆ ಆಕಾಶ ಮಸುಕಾಗುತ್ತ ಬಂತು. ಆಗ ಯಾರೂ ಬೀದಿದೀಪ ಕಿತ್ತುಹಾಕಲಿಲ್ಲ. ಸಾವಿರಾರು ದೀಪಗಳನ್ನು ಬದಲಿಸಿದರು, ಹೊಸ ದೀಪ ಹೇಗಿರಬೇಕೆಂದು ಊರೂರೂ ನಿಯಮ ಮಾಡಿಕೊಂಡವು.

ಏನದು ನಿಯಮ? ಬೆಳಕು ಪೂರ್ತಿ ಕೆಳಕ್ಕೆ ಬೀಳಬೇಕು, ಬೇಕಾದಷ್ಟೇ ಇರಬೇಕು, ಬೇಡದ ಹೊತ್ತಿನಲ್ಲಿ ಇರಬಾರದು. ಕೇಳಲು ಸಾಧಾರಣ ಅನ್ನಿಸುತ್ತದೆ. ಆದರೆ ಬುರುಡೆ ಹೊರಗೆ ಇಣುಕುವ ದೀಪದಿಂದ ದಿಗಂತದ ಕಡೆಗೆ, ಹೆಚ್ಚುಕಡಿಮೆ ಅಡ್ಡಡ್ಡಲಾಗಿ ಹೊರಡುವ ಬೆಳಕಿದೆಯಲ್ಲ, ದೊಡ್ಡ ಖಳನಾಯಕ ಅದೇ. ನೆಟ್ಟಗೆ ಮೇಲಕ್ಕೆ ಹೋದದ್ದು ವಾತಾವರಣವನ್ನು ಬೇಗ ದಾಟಿಬಿಡುತ್ತದೆ. ಅಡ್ಡ ಹೋದದ್ದು ಬಹುದೂರ ಗಾಳಿಯಲ್ಲೇ ಸಾಗುತ್ತ, ಅಣುಗಳಿಗೂ ದೂಳಿಗೂ ತಾಕಿ ಚದುರುತ್ತ, ತನಗೆ ಸಂಬಂಧವೇ ಇಲ್ಲದ ಊರಿನ ಆಕಾಶವನ್ನೂ ಬೆಳಗುತ್ತದೆ. ಬಣ್ಣದ ಪಾತ್ರವೂ ಇದೆ. ಹಗಲಿನ ಆಕಾಶ ಯಾಕೆ ನೀಲಿಯೋ ಅದೇ ಕಾರಣಕ್ಕೆ ಬಿಳಿ ಎಲ್‌ಇಡಿಯ ನೀಲಿ ಅಂಶವೂ ಜಾಸ್ತಿ ಚದುರುತ್ತದೆ. ಹಾಗಾಗಿಯೇ ರಿಸರ್ವ್‌ಗಳಲ್ಲಿ 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಹಳದಿ) ಮೀರದ ಹಳದಿ ಛಾಯೆಯ ದೀಪ ಕೇಳುತ್ತಾರೆ.

"ಕತ್ತಲಾದರೆ ಕಳ್ಳಕಾಕರ ಭಯ" ಎನ್ನುವವರು ಒಂದು ಸಂಗತಿ ಗಮನಿಸಬೇಕು. ಕಣ್ಣು ಕುಕ್ಕುವ ದೀಪದೆದುರು ಪಾಪೆ ಕಿರಿದಾಗುತ್ತದೆ. ದೀಪದ ಹಿಂದಿನ ನೆರಳಲ್ಲಿ ನಿಂತವನು ಮೊದಲಿಗಿಂತಲೂ ಕಾಣದಾಗುತ್ತಾನೆ. ಮರೆ ಕಟ್ಟಿದ, ಹದವಾದ ಬೆಳಕಲ್ಲಿ ದಾರಿಯೂ ಕಾಣುತ್ತದೆ, ಮನುಷ್ಯನೂ ಕಾಣುತ್ತಾನೆ.

ಆದರೂ ನಿಮ್ಮ ಮಾತಿನ ಒಂದು ಭಾಗವನ್ನು ನಾನು ತಳ್ಳಿಹಾಕಲಾರೆ. ನಿಯಮ ಪಾಲಿಸುವವರು ಒಬ್ಬರು, ಲಾಭ ಪಡೆಯುವವರು ಇನ್ನೊಬ್ಬರು ಎಂದಾದರೆ ಅದು ಅನ್ಯಾಯವೇ. ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದ ವೀಕ್ಷಣಾಲಯದ ಸುತ್ತ 22 ಕಿ.ಮೀ. ವ್ಯಾಪ್ತಿಯನ್ನು 2022ರಲ್ಲಿ ರಿಸರ್ವ್ ಎಂದು ಅಧಿಸೂಚಿಸಿದಾಗ ಸ್ಥಳೀಯರಿಗೇ ಆಕಾಶದ ಪಾಠ ಹೇಳಿ, ಟೆಲಿಸ್ಕೋಪ್ ಕೊಟ್ಟು, ಬಂದವರಿಗೆ ನಕ್ಷತ್ರ ತೋರಿಸುವ ಕೆಲಸವನ್ನು ಅವರ ಕೈಗೇ ಒಪ್ಪಿಸಿದರು. ನನಗೆ ಇದು ಸರಿಯಾದ ದಾರಿ ಅನ್ನಿಸುತ್ತದೆ. ಅಪಾಯ ಬರುವುದಾದರೆ ಹಳ್ಳಿಗರ ಮನೆದೀಪದಿಂದಲ್ಲ. ಆಕಾಶ ನೋಡಲು ಸಾಲಾಗಿ ಬರುವ ವಾಹನಗಳ ಹೆಡ್‌ಲೈಟಿನಿಂದ, ಅವರಿಗಾಗಿ ಏಳುವ ವಸತಿಗೃಹಗಳ ಅಲಂಕಾರದಿಂದ.

ಇನ್ನು ಬೇಲಿಯ ಪ್ರಶ್ನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಅಮೆರಿಕದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನಕ್ಕೆ ಡಾರ್ಕ್ ಸ್ಕೈ ಪಾರ್ಕ್ ಎಂಬ ಮನ್ನಣೆಯಿದೆ. ಅಲ್ಲಿ ನಿಂತರೂ ನೂರು ಕಿ.ಮೀ.ಗೂ ಆಚೆಯ ಲಾಸ್ ವೇಗಸ್ ನಗರದ ಹೊಳಪು ದಿಗಂತದಲ್ಲಿ ಕಾಣುತ್ತದೆ. ಅಂದಮೇಲೆ ಬೇಲಿಯೊಳಗೆ ಎಷ್ಟು ಶಿಸ್ತಿದ್ದರೇನು? ಕೃತಕ ಬೆಳಕಿನಿಂದ ಎಲ್ಲೆಲ್ಲಿ ಆಕಾಶ ಎಷ್ಟು ಹೊಳೆಯುತ್ತದೆಂದು ತೋರಿಸುವ, 2016ರಲ್ಲಿ ಪ್ರಕಟವಾದ ಜಾಗತಿಕ ಅಟ್ಲಾಸ್ ಪ್ರಕಾರ, ಮನುಕುಲದ ಮೂರನೇ ಒಂದು ಭಾಗಕ್ಕೆ ತಾವಿದ್ದಲ್ಲಿಂದ ಆಕಾಶಗಂಗೆ ಕಾಣುವುದೇ ಇಲ್ಲ. ಹವ್ಯಾಸಿಗಳು 2011ರಿಂದ 2022ರವರೆಗೆ ಬರಿಗಣ್ಣಿನಿಂದ ನೋಡಿ ಕಳಿಸಿದ ದಾಖಲೆಗಳನ್ನು ಒಟ್ಟುಮಾಡಿದಾಗ ಆಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇ. 9.6ರಷ್ಟು ಏರಿದ್ದು ಕಂಡುಬಂತು. ಎಂಟು ವರ್ಷಕ್ಕೆ ಇಮ್ಮಡಿ! ಈ ವೇಗದ ಮುಂದೆ ಅಲ್ಲೊಂದು ಇಲ್ಲೊಂದು ಮೀಸಲು ಪ್ರದೇಶ, ಪ್ರವಾಹದ ನಡುವೆ ಮರಳಿನ ದಿಬ್ಬ. (ರಾತ್ರಿಯಾಕಾಶದಲ್ಲಿ ಹೊಳೆಯುತ್ತ ಸಾಗುವ ಸ್ಟಾರ್‌ಲಿಂಕ್‌ನಂಥ ಉಪಗ್ರಹಗಳ ಸಾಲಂತೂ ಯಾವ ಬೇಲಿಯನ್ನೂ ಕೇಳುವುದಿಲ್ಲ, ಆ ಜಗಳ ಇನ್ನೊಮ್ಮೆ ಆಡೋಣ.)

ಹಾಗಾದರೆ ರಿಸರ್ವ್ ಯಾಕೆ ಬೇಕು? ಇದು ಆಗುವ ಕೆಲಸ ಎಂದು ತೋರಿಸಲು ಬೇಕು. ಅರಿಜೋನಾದ ಫ್ಲಾಗ್‌ಸ್ಟಾಫ್, ಲೊವೆಲ್ ವೀಕ್ಷಣಾಲಯವಿರುವ ಊರು, ಜಾಹೀರಾತಿನ ಸರ್ಚ್‌ಲೈಟುಗಳಿಗೆ 1958ರಲ್ಲೇ ಕಡಿವಾಣ ಹಾಕಿತು. 2001ರಲ್ಲಿ ಜಗತ್ತಿನ ಮೊದಲ ಡಾರ್ಕ್ ಸ್ಕೈ ನಗರವಾಯಿತು. ಅದೇನು ನಿರ್ಜನ ಕಾಡಲ್ಲ, ಅಂಗಡಿ ಮುಂಗಟ್ಟು ಎಲ್ಲ ಇರುವ ನಗರ. ಫ್ರಾನ್ಸ್ 2018ರ ಆದೇಶದಲ್ಲಿ ಹೊರಾಂಗಣ ದೀಪಗಳ ನಿಯಮವನ್ನು ದೇಶಕ್ಕೆಲ್ಲ ಅನ್ವಯಿಸಿತು. ಮೀಸಲು ಪ್ರದೇಶದಲ್ಲಿ ಕಲಿತದ್ದು ಹೀಗೆ ಬೇಲಿ ದಾಟಿ ಊರಿಗೆ ಬರದಿದ್ದರೆ, ನೀವು ಹೇಳಿದ್ದೇ ನಿಜವಾಗುತ್ತದೆ. ಅದೃಷ್ಟವಶಾತ್ ಈ ಬೆಳಕಿನ ಮಾಲಿನ್ಯಕ್ಕೆ ಒಂದು ಒಳ್ಳೆಯ ಗುಣವಿದೆ: ಸ್ವಿಚ್ ಆರಿಸಿದ ಕ್ಷಣವೇ ಹೋಗುತ್ತದೆ, ತಳದಲ್ಲಿ ಏನೂ ಉಳಿಯುವುದಿಲ್ಲ.

ಹೋಗುವುದಾದರೆ ಮೊದಲು ಪಂಚಾಂಗ ನೋಡಿ. ಹುಣ್ಣಿಮೆಯ ಚಂದ್ರನಿದ್ದರೆ ಎಂಥ ರಿಸರ್ವ್‌ನಲ್ಲೂ ಆಕಾಶಗಂಗೆ ಸಪ್ಪೆ. ಅಮಾವಾಸ್ಯೆಯ ಹಿಂದುಮುಂದಿನ ದಿನಗಳನ್ನು ಆರಿಸಿಕೊಳ್ಳಿ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಆ ಅರ್ಧ ಗಂಟೆಯ ತಪಸ್ಸನ್ನು ಕೆಡಿಸಲು ಒಂದು ಮೊಬೈಲ್ ಪರದೆ ಸಾಕು. ಮಂದವಾದ ಕೆಂಪು ಟಾರ್ಚ್ ಒಯ್ಯಿರಿ. ಗಾಡಿಯನ್ನು ಬೆಳಕಿರುವಾಗಲೇ ಹೊರಡುವ ದಿಕ್ಕಿಗೆ ತಿರುಗಿಸಿ ನಿಲ್ಲಿಸಿ, ನಡುರಾತ್ರಿ ರಿವರ್ಸ್ ಲೈಟ್ ಹಾಕಿದವರಿಗೆ ಅಲ್ಲಿ ಯಾರೂ ಮರ್ಯಾದೆ ಕೊಡುವುದಿಲ್ಲ.